ಹಗೇವಿಗೆ ಇಳಿದ ಯಜಮಾನರು

ಹರಪನಹಳ್ಳಿ
ತಾ. 14-11-2024, ಗುರುವಾರ

ಲೀಲಾಳ ಅಪ್ಪನಿಗೆ ಶಾಂತಕುಮಾರಿ ಮಾಡುವ ನಮಸ್ಕಾರ.

ಮೊದಲಾಗಿದ್ದರೆ ‘ಯಜಮಾನರಿಗೆ’ ಎಂದೇ ಶುರು ಮಾಡುತ್ತಿದ್ದೆ. ಈಗ ಆ ಮಾತು ಬರೆದರೆ ಕಣ್ಣ ಮುಂದೆ ನಿಮ್ಮ ಮುಖ ಬರುವುದಿಲ್ಲ, ಕಂಪನಿ ನಡೆಸುವ, ಬೆಂಕಿ ಉಗುಳುವ ಆ ಘಟಸರ್ಪದ ಮುಖವೇ ಬರುತ್ತದೆ. ಐದು ತಾಲ್ಲೂಕಿನ ಜನ ಅದನ್ನೇ ಯಜಮಾನರು ಎಂದು ಕರೆಯುವಾಗ ನನ್ನೊಬ್ಬಳ ಗಂಡನಿಗೆ ಆ ಹೆಸರು ಎಲ್ಲಿ ಉಳಿಯಿತು ಹೇಳಿ. ಇರಲಿ. ನಿಮ್ಮ ಆರೋಗ್ಯ ಹೇಗಿದೆ? ಯಜಮಾನರ ಬೆನ್ನಿನ ಹುರುಪೆಗಳಿಗೆ ಔಡಲೆಣ್ಣೆ ತಿಕ್ಕಿ ತಿಕ್ಕಿ ಅಂಗೈ ಸುಲಿದಿದೆ ಎಂದು ಹೋದ ಸಲ ಬರೆದಿದ್ದಿರಿ. ಮಲಗುವ ಮುಂಚೆ ಅರಿಶಿನ ಹಚ್ಚಿಕೊಳ್ಳಿ. ಗುಡ್ಡದೊಳಗೆ ಹೊಗೆ ಜಾಸ್ತಿ, ಕೆಮ್ಮು ಬಂದರೆ ಸುಮ್ಮನಿರಬೇಡಿ. ನಿಮ್ಮ ಫೋನನ್ನು ಗೇಟಿನಲ್ಲೇ ಇಟ್ಟುಕೊಂಡಿದ್ದಾರೆ, ಇಲ್ಲದಿದ್ದರೆ ಇದನ್ನೆಲ್ಲ ಬಾಯಲ್ಲೇ ಕೇಳುತ್ತಿದ್ದೆ.

ನಾವು ಇಲ್ಲಿ ಹೇಗೋ ಇದ್ದೇವೆ. ಅತ್ತೆಯ ಕಣ್ಣಿನ ಪೊರೆ ಪೂರ್ತಿ ಬಲಿತಿದೆ. ಬಾಗಿಲಲ್ಲಿ ನಿಂತವರು ಮಾತಾಡುವವರೆಗೂ ಯಾರೆಂದು ತಿಳಿಯುವುದಿಲ್ಲ. ಆಪರೇಷನ್ ಬರುವ ಸೋಮವಾರ, ಪಟ್ಟಿ ಬಿಚ್ಚುವುದು ಮಂಗಳವಾರ. ಎರಡು ಸಲ ಮುಂದಕ್ಕೆ ಹಾಕಿಸಿದ್ದಾಯಿತು. ಇನ್ನು ತಡ ಮಾಡಿದರೆ ತಮ್ಮ ಕೈಲಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಅತ್ತೆಯದು ಒಂದೇ ಹಟ. “ಪಟ್ಟಿ ಬಿಚ್ಚಿದ ಕೂಡ್ಲೆ ನನ್ನ ಪಾಲಾಕ್ಷನ ಮುಖ ಕಾಣಬೇಕು. ಆ ಡಾಕ್ಟ್ರ ಮುಖ ನೋಡಾಕ ನಾನ್ಯಾಕ ಕಣ್ಣು ಕೊಯ್ಸ್ಕಳ್ಳಿ?” ನೀವು ಬರದಿದ್ದರೆ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲವಂತೆ. ಬೈದೆ, ರಮಿಸಿದೆ, ಒಂದು ದಿನ ಉಪವಾಸವನ್ನೂ ಕೂತೆ. ಅವರೂ ನನ್ನ ಜೊತೆ ಉಪವಾಸ ಕೂತರು. ಕೊನೆಗೆ ನಾನೇ ಎದ್ದು ರೊಟ್ಟಿ ಬಡಿದೆ.

ಲೀಲಾ ಆರನೆಯ ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದಾಳೆ. ‘ನನ್ನ ತಂದೆ’ ಎಂದು ಪ್ರಬಂಧ ಬರೆಯಲು ಕೊಟ್ಟಿದ್ದರಂತೆ. ‘ನನ್ನ ತಂದೆ ಬಾಲದ ಕಡೆ ಕೆಲಸ ಮಾಡುತ್ತಾರೆ’ ಎಂದು ಶುರು ಮಾಡಿದ್ದಾಳೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನನ್ನ ಕೆಲಸ ಗೊತ್ತೇ ಇದೆ. ಈಗ ಮೆಕ್ಕೆಜೋಳದ ಸುಗ್ಗಿ. ಬೆಳಿಗ್ಗೆ ಎಂಟರಿಂದ ಜ್ವಾಲಾನಿಧಿ ಕಂಪನಿಯ ಅಂಗಳದಲ್ಲಿ ರಾಶಿಯಿಂದ ರಾಶಿಗೆ ಹೋಗಿ ಕಾಳು ಕಚ್ಚಿ ನೋಡುವುದು. ಕಟ್ ಎಂದು ಒಡೆದರೆ ಒಣಗಿದೆ, ಹಲ್ಲಿಗೆ ಅಂಟಿದರೆ ಇನ್ನೂ ಹಸಿ. ತೇವ ಅಳೆಯುವ ಮಶೀನು ತಂದಿದ್ದಾರೆ, ಅದರ ಮೇಲೆ ನಂಬಿಕೆ ಸಾಲದೆ ನನ್ನ ಹಲ್ಲನ್ನೂ ಬಿಟ್ಟಿಲ್ಲ. ಎಡಗಡೆಯ ದವಡೆ ಹಲ್ಲು ಅಲ್ಲಾಡುತ್ತಿದೆ. ಕೊಟ್ಟೂರಿಗೆ ಹೋಗುವ ಬಸ್ಸು ಕಂಪನಿಯದು, ಹಗರಿಬೊಮ್ಮನಹಳ್ಳಿಯ ಮದುವೆ ಮಂಟಪ ಕಂಪನಿಯದು, ಮೊನ್ನೆ ಹಡಗಲಿಯಿಂದ ಬಂದ ಮಲ್ಲಿಗೆ ಬುಟ್ಟಿಯ ಮೇಲೂ ಬೆಂಕಿ ಉಗುಳುವ ಅದೇ ಚಿತ್ರ. ನಾನು ಮುಡಿಯಲಿಲ್ಲ.

ನಿಮ್ಮನ್ನು ಕರೆದುಕೊಂಡು ಹೋದ ದಿನ ನೆನಪಾಗುತ್ತದೆ. ಎತ್ತಿನ ಕೊಂಬು ಹೆರೆದು ಎಣ್ಣೆ ಹಚ್ಚುವುದರಲ್ಲಿ ನಿಮ್ಮಂಥವರಿಲ್ಲ ಎಂದು ಯಾರೋ ಹೇಳಿದ್ದೇ ತಪ್ಪಾಯಿತು. ಒಂದು ತಿಂಗಳ ಕೆಲಸ ಎಂದು ಕೂಡ್ಲಿಗಿ ಕಡೆಯ ಗುಡ್ಡಕ್ಕೆ ಹೋದವರು, ಮೂರು ವರ್ಷವಾಯಿತು. ಯಜಮಾನರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಸಂಬಳ ತಪ್ಪಿಸಿಲ್ಲ, ದೀಪಾವಳಿಗೆ ಬೂಂದಿ ಲಾಡು ಕಳಿಸುತ್ತಾರೆ, ಎಲ್ಲರನ್ನೂ ‘ಬಂಗಾರಾ’ ಎಂದೇ ಕರೆಯುತ್ತಾರೆ. ಆದರೆ ಕೂಡಿಟ್ಟದ್ದನ್ನು ಹೊರಗೆ ಬಿಡುವುದು ಅವರ ಜಾತಿಗೇ ಗೊತ್ತಿಲ್ಲ. ಕೆಲಸ ಬಿಡುತ್ತೇನೆಂದು ಹೋದ ಗುಮಾಸ್ತನ ಕೈಯಲ್ಲಿದ್ದ ಕಾಗದ ಉರಿದು, ಜೊತೆಗೆ ಮೀಸೆಯೂ ಹೋಯಿತಲ್ಲ. “ನನ್ನ ರಾಶಿಗಿ ಬಿದ್ದ ಕಾಳು ಹೊರಗ ಹೋಗಾಂಗಿಲ್ಲ ಬಂಗಾರಾ” ಅಂದರಂತೆ. ಹೂಂ ಎಂದರೂ ಇಲ್ಲ ಎಂದರೂ ಕಾಗದದ ಮೂಲೆಗೆ ಉಸಿರು ಬಿಟ್ಟು ಸುಡುವುದೇ ಅವರ ಸಹಿ, ಆ ಗುರುತಿನ ರಜೆ ಚೀಟಿ ಇಲ್ಲದೆ ಯಾರೂ ಗೇಟು ದಾಟುವ ಹಾಗಿಲ್ಲ.

ಹೋದ ವಾರದ ಸುದ್ದಿ ನಿಮಗೆ ತಿಳಿದಿರಬೇಕು, ಇಲ್ಲವೇ ತಿಳಿಸಿರಲಿಕ್ಕಿಲ್ಲ. ಚಿಗಟೇರಿಯಲ್ಲಿ ಕಂಪನಿ ಒಂದು ಹಳೆಯ ಹಗೇವು ಕೊಂಡಿತು. ನೆಲದಡಿಯಲ್ಲಿ ಜೋಳ ತುಂಬಿಡುತ್ತಿದ್ದ ಗುಳಿ, ನಮ್ಮಪ್ಪ ಚೌಡಣ್ಣ ಇಂಥವುಗಳಲ್ಲೇ ಇಳಿದು ಹತ್ತಿ ಆಯಸ್ಸು ಕಳೆದವನು. ತಣ್ಣಗೆ, ಕತ್ತಲಾಗಿ, ಹೊಟ್ಟೆ ತುಂಬ ಕಾಳು ಇರುವ ಗುಳಿ ಎಂದ ಕೂಡಲೇ ಯಜಮಾನರಿಗೆ ಎಲ್ಲಿಲ್ಲದ ಆಸೆ ಬಂತು. ತಾವೇ ನೋಡಲು ಬರುತ್ತಾರೆಂದು ಜೆಸಿಬಿ ತಂದು ಗುಳಿಯ ಸುತ್ತ ಅಗೆದು ಇಳಿಯುವ ದಾರಿ ಅಗಲ ಮಾಡಿದರು, ಬಾಯಿಗೆ ಮುಚ್ಚಿದ ದೊಡ್ಡ ಚಪ್ಪಡಿ ಕಲ್ಲು ಮಾತ್ರ ಹಾಗೇ ಇತ್ತು. ಹಗೇವಿಗೆ ಇಳಿಯುವವರ ಮನೆಯವಳೆಂದು ನನ್ನನ್ನೂ ಕರೆಸಿದರು. ನಾನು ಮ್ಯಾನೇಜರ್ ಪ್ರವೀಣಕುಮಾರರಿಗೆ ಹೇಳಿದೆ: “ಕಲ್ಲು ತೆಗೆದು ಎರಡು ದಿನ ಹಂಗ ಬಿಡಬೇಕ್ರಿ. ಆಮ್ಯಾಲೆ ಹಗ್ಗಕ್ಕ ದೀಪ ಕಟ್ಟಿ ಒಳಗ ಬಿಟ್ಟು ನೋಡಬೇಕ್ರಿ. ದೀಪ ಆರಿದ್ರ ಯಾರೂ ಇಳಿಯಂಗಿಲ್ರಿ.” ಒಳಗಿನ ಕೆಟ್ಟ ಗಾಳಿ ಮನುಷ್ಯರನ್ನೇ ತಿನ್ನುತ್ತದೆಂದು ನಮ್ಮ ಕಡೆ ಕೂಸಿಗೂ ಗೊತ್ತು. ಅವರು ನಾನು ಹೇಳಿದ ದೀಪವನ್ನು ಪೂಜೆಯ ದೀಪ ಎಂದುಕೊಂಡರು. “ಆತು ಬಿಡಮ್ಮ, ಆರತಿ ತಟ್ಟಿ ರೆಡಿ ಮಾಡು” ಎಂದು ಹೊರಟುಹೋದರು. ನನ್ನ ಕೈಗೆ ಕುಂಕುಮ, ಹೂವು, ದೀಪ ಎಲ್ಲ ಬಂತು. ಗುಳಿಯೊಳಗೆ ಇಳಿಯಬೇಕಿದ್ದ ದೀಪ ತಟ್ಟೆಯ ಮೇಲೆ ಕೂತಿತು.

ಸೋಮವಾರ ಮಧ್ಯಾಹ್ನ ಯಜಮಾನರು ಬಂದರು. ನೀವು ಬೆನ್ನು ನೋಡಿದವರು, ನಾನು ಮುಖ ನೋಡಿದ್ದು ಅವತ್ತೇ. ಎರಡು ಲಾರಿಯಷ್ಟು ಉದ್ದ, ಮೂಗಿನ ಹೊಳ್ಳೆಯಿಂದ ಸದಾ ಹೊಗೆ. ಆರತಿ ಎತ್ತಿದೆ. ಆಗ ಕಲ್ಲು ಸರಿಸಿದರು, ಅವರು ಒಂದು ಗಳಿಗೆಯೂ ಕಾಯದೆ ತಲೆ ತೂರಿಸಿ ಇಳಿಯತೊಡಗಿದರು. ನನ್ನಿಂದ ಮೂರು ಮೊಳ ದೂರದಲ್ಲಿದ್ದರು. ‘ಇಳೀಬ್ಯಾಡ್ರಿ’ ಎಂದು ಒಂದು ಮಾತು ಕೂಗಿದ್ದರೆ ಕೇಳುತ್ತಿತ್ತು. ನಾನು ಕೂಗಲಿಲ್ಲ. ದ್ವೇಷವಿತ್ತೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ, ಇರಲಿಲ್ಲ. ಸುಸ್ತಾಗಿತ್ತು. ಒಮ್ಮೆ ಹೇಳಿದ್ದೆ, ಎರಡನೆಯ ಸಲ ಹೇಳಲು ನನ್ನಲ್ಲಿ ಉಸಿರಿರಲಿಲ್ಲ.

“ಎಷ್ಟು ತಂಪೈತಿ ಬಂಗಾರಾ” ಎಂದು ಒಳಗಿನಿಂದ ಒಂದು ದನಿ ಬಂತು. ಆಮೇಲೆ ದನಿಯಿಲ್ಲ. ಹೊರಗಿದ್ದ ಬಾಲ ಎರಡು ಮೂರು ಸಲ ನೆಲ ಬಡಿದು ಸುಮ್ಮನಾಯಿತು. ಆಗ “ಹಗ್ಗ ತರ್ರೋ, ಎಳೀರೋ” ಎಂದು ಕೂಗಿಕೊಂಡವಳು ನಾನೇ. ಹಮಾಲರು ಲಾರಿಯ ಹಗ್ಗ ಬಿಗಿದು, ಒಂದೇ ದಮ್ಮಿಗೆ ಎಳೆದು ಹಾಕಿದರು. ಯಜಮಾನರು ಮಣ್ಣಿನಲ್ಲಿ ಮಲಗಿ ಕೆಮ್ಮಿದರು. ಬಾಯಿಗೆ ಮೆತ್ತಿದ ಜೋಳದ ಧೂಳನ್ನು ನನ್ನ ಸೆರಗಿನಿಂದ ಒರೆಸಿದೆ. ಕಣ್ಣು ತೆರೆದು ಕೇಳಿದರು: “ನೀ ಚೌಡಣ್ಣನ ಮಗಳಲ್ಲೇನು? ನಿನಗ ಗೊತ್ತಿತ್ತಲ್ಲ?” ನೀರು ಕುಡಿಸಿದೆ. ಯಜಮಾನರ ಗಂಟಲು ಕೆಟ್ಟಿದೆ, ಕೆಲವು ದಿನ ಮಾತಾಡುವುದಿಲ್ಲ ಎಂದು ಮ್ಯಾನೇಜರು ಎಲ್ಲರಿಗೂ ಹೇಳಿ ಗುಡ್ಡಕ್ಕೆ ಕಳಿಸಿದರು.

ನಿಮ್ಮ ರಜೆಗೆ ನಾನು ಕೊಟ್ಟ ಅರ್ಜಿ ನಿನ್ನೆ ವಾಪಸು ಬಂತು. ಇದು ಏಳನೆಯದು. ಅದೇ ‘ಪರಿಶೀಲಿಸಲಾಗಿದೆ, ಸಾಧ್ಯವಿಲ್ಲ’, ಮೂಲೆಯಲ್ಲಿ ಅದೇ ಸುಟ್ಟ ಗುರುತು. ಅತ್ತೆಗೆ ಇನ್ನೂ ಹೇಳಿಲ್ಲ. ಇವತ್ತು ನಿಮ್ಮ ಬಿಳಿ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆಸಿ, ಮುಟ್ಟಿ ನೋಡಿ, ಗುಂಡಿ ಗಟ್ಟಿ ಇವೆಯೇ ಎಂದು ಎಣಿಸುತ್ತ ಕೂತಿದ್ದರು. ನನಗೆ ಸಾಕಾಗಿದೆ ರೀ. ನೀವಿಲ್ಲದ ಮನೆಗೆ ದಿನಾ ಬರುವುದೇ ನನಗೆ ಸಾಕಾಗಿದೆ.

ಅತ್ತೆಯ ಆಶೀರ್ವಾದ, ಲೀಲಾಳ ಮುತ್ತು. ಹೊತ್ತಿಗೆ ಸರಿಯಾಗಿ ಉಣ್ಣಿ.

ಇಂತಿ ನಿಮ್ಮ,
ಶಾಂತಕುಮಾರಿ

ಬರೆಯುವುದು ಉಳಿದದ್ದು: ಔಡಲೆಣ್ಣೆಯ ಟ್ಯಾಂಕರಿನ ದೊಡ್ಡಬೀರಪ್ಪಣ್ಣ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ, ಈ ಕಾಗದವನ್ನು ಅವನ ಕೈಯಲ್ಲೇ ಕೊಡುತ್ತಿದ್ದೇನೆ, ಓದಿ ಹರಿದುಬಿಡಿ. ನಿನ್ನೆ ಬಂದ ಅರ್ಜಿಯ ಸುಟ್ಟ ಮೂಲೆಯನ್ನು ಮೂಸಿ ನೋಡಿದೆ. ಪ್ರತಿ ಸಲ ಗಂಧಕದ ಘಾಟು ಬರುತ್ತಿತ್ತು, ಈ ಸಲ ಊದುಬತ್ತಿಯ ವಾಸನೆ. ಸಹಿ ಹಾಕುವ ನೆಪದಲ್ಲಿ ಮ್ಯಾನೇಜರ ಕೋಣೆಗೆ ಹೋದೆ. ಮೇಜಿನ ಮೇಲೆ ಬೆಂಕಿಪೊಟ್ಟಣ, ಊದುಬತ್ತಿ, ಆಗತಾನೇ ಮೂಲೆ ಸುಟ್ಟ ಮೂರು ಕಾಗದ. ಯಜಮಾನರ ಬೆಂಕಿ ಹಗೇವಿನಲ್ಲೇ ಆರಿದೆ ರೀ. ನೀವು ಬಾಲದ ಕಡೆ ಇರುವವರು, ತಲೆ ಎರಡು ಕೋಣೆಯಾಚೆ, ನಿಮಗೆ ಗೊತ್ತಾಗಿರಲಿಕ್ಕಿಲ್ಲ. ಮತ್ತೆ ಯಾವಾಗ ಹೊತ್ತಿಕೊಳ್ಳುತ್ತದೋ ತಿಳಿಯದು. ಇದರೊಳಗೆ ಮಡಿಸಿಟ್ಟ ಇನ್ನೊಂದು ಹಾಳೆ ನಿಮ್ಮ ರಜೆಯ ಚೀಟಿ. ಅಕ್ಷರ ನನ್ನದು, ಮೂಲೆ ಸುಟ್ಟದ್ದು ನಮ್ಮ ದೇವರ ಗೂಡಿನ ಊದುಬತ್ತಿಯಿಂದ. ಗೇಟಿನವನು ಗುರುತು ಮಾತ್ರ ನೋಡುತ್ತಾನೆ. ಹೊರಡುವ ಮುಂಚೆ ಆ ಬೆನ್ನಿಗೆ ಒಂದು ಸಲ ಚೆನ್ನಾಗಿ ಎಣ್ಣೆ ತಿಕ್ಕಿ ಬನ್ನಿ, ಪಾಪ, ಒಳಗಿನ ಬೆಂಕಿಯಿಲ್ಲದೆ ಮೈ ಚಳಿಗೆ ಕೊರೆಯುತ್ತಿರಬೇಕು. ಬೀರಪ್ಪಣ್ಣನ ಟ್ಯಾಂಕರು ಭಾನುವಾರ ಖಾಲಿ ಬರುತ್ತದೆ, ಅದರಲ್ಲೇ ಹತ್ತಿ ಬನ್ನಿ. ಬಿಳಿ ಅಂಗಿ ಒಗೆದು ಹಾಕಿದ್ದೇನೆ, ಗುಂಡಿ ಎಲ್ಲ ಇವೆ.