ಕೌದಿಯ ಕಡೇ ಮೂಲೆ

೧೮ ನವೆಂಬರ್ ೨೦೨೪, ಸೋಮವಾರ, ತಿಳವಳ್ಳಿ

ಅಕ್ಷರ ಕಾಗೆ ಕಾಲಿನಂತಿವೆ, ತಪ್ಪೂ ಬಹಳ. ಯಾರೂ ಓದುವುದಿಲ್ಲ, ಆದರೂ ಕ್ಷಮಿಸಬೇಕು. ಐದನೇ ಇಯತ್ತೆಗೇ ಸಾಲಿ ಬಿಟ್ಟವಳು ನಾನು.

ಅಕ್ಕನ ಕೂಸಿನ ಕೌದಿ ನಿನ್ನೆ ಮುಗಿಯಿತು. ಎರಡು ತಿಂಗಳಿಂದ ಅವ್ವನ ಹಳೇ ಸೀರೆ ಹರಿದು, ತುಂಡು ಕೂಡಿಸಿ ಹೊಲಿದವಳು ನಾನು. ಸವಣೂರಿನಿಂದ ಬಂದ ಕಾಕಾನ ಮಗಳು ವಾಣಿಶ್ರೀ ಜೊತೆಗೆ ಕೂತದ್ದು ಎರಡೇ ದಿನ. ಅವಳ ಹೊಲಿಗೆ ಇರುವೆ ಸಾಲು ಹೋದ ಹಾಗೆ. ನನಗೂ ಕಾಣುತ್ತದೆ, ನಾನೇನು ಕುರುಡಿಯಲ್ಲ.

ಕಡೇ ಮೂಲೆ ಮುಚ್ಚುವ ಮುಂಚೆ ಒಳಗೊಂದು ರೊಟ್ಟಿ ಚೂರು ಇಡುತ್ತೇವೆ, ಕೌದಿ ಹಸಿದಿರಬಾರದು ಅಂತ. ಅದನ್ನು ನಾನೇ ಇಡುತ್ತೇನೆ ಅಂದುಕೊಂಡಿದ್ದೆ. ಅಜ್ಜಿ ರೊಟ್ಟಿ ಮುರಿದು ಅವಳ ಕೈಗೆ ಕೊಟ್ಟಳು.

"ವಾಣಿ, ನೀ ಇಡವಾ. ನಿನ್ನ ಕೈ ಚೊಲೋ ಐತಿ."

"ಎಲ್ಲಾ ಹೊಲದಾಕಿ ಅಕಿನ ಅಲ್ಲಬೇ ಅಜ್ಜಿ?" ಅಂದಳು ವಾಣಿಶ್ರೀ.

"ಹೊಲದಾಳ, ಹೊಲದಾಳ. ಕೂಸಿನ ಕಾಲಬೆರಳ ಸಿಕ್ಕೊಳ್ಳೂಹಂಗ ಹೊಲದಾಳ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಜ್ಜಿಯ ಮಾತಿಗಿಂತ ವಾಣಿಶ್ರೀ ನನ್ನ ಪರ ಮಾತಾಡಿದ್ದೇ ಹೆಚ್ಚು ಉರಿಯುತ್ತಿದೆ. ಅವಳು ಕೆಟ್ಟವಳಾಗಿದ್ದರೆ ಮನಸ್ಸಿನಲ್ಲಾದರೂ ಬೈಯಬಹುದಿತ್ತು. ಚಂದ ಹೊಲಿಯುತ್ತಾಳೆ, ಮೇಲೆ ಒಳ್ಳೆಯವಳೂ ಆಗಿರಬೇಕೇ. ನನಗೆ ಏನು ಉಳಿಯಿತು.

ಇವತ್ತು ಮುಂಜಾನೆ ಯಾರೂ ಏಳುವ ಮೊದಲು ಆ ಮೂಲೆಯ ನಾಲ್ಕು ಹೊಲಿಗೆ ಬಿಚ್ಚಿದೆ. ಅವಳ ಚೂರು ತೆಗೆಯಲಿಲ್ಲ. ಪಕ್ಕದಲ್ಲಿ ನನ್ನದೂ ಒಂದು ಚೂರು ಇಟ್ಟು ಮತ್ತೆ ಹೊಲಿದೆ. ಅವಳಷ್ಟು ಸಣ್ಣಗೆ ಬರಲಿಲ್ಲ.