ಜವಳಿ ಗಾದಿಯ ಮೇಲಿನ ಮನಃಶಾಸ್ತ್ರ

ಬಾಯಿ ಸುಮ್ಮನಿರದ ನನ್ನ ಕಾಕಾನಿಗೆ,

ತೀರ್ಥರೂಪ, ಸಾಷ್ಟಾಂಗ ನಮಸ್ಕಾರ ಎಂದೆಲ್ಲ ಶುರು ಮಾಡಬೇಕಿತ್ತು. ಮಾಡುವುದಿಲ್ಲ, ಸಿಟ್ಟಿದೆ. ನೀನು ಹೋಗಿ ವರ್ಷ ತುಂಬಿತು, ನೀನು ಹಬ್ಬಿಸಿಟ್ಟ ಸುದ್ದಿ ಮಾತ್ರ ಇನ್ನೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದೆ. ಅದರ ಜೊತೆ ಹೆಣಗುತ್ತಿರುವವಳು ನಾನು.

ಧಾರವಾಡದಲ್ಲಿ ನಾನು ಮನಃಶಾಸ್ತ್ರದ ಎಂ.ಎ. ಮುಗಿಸಿದ ದಿನ ನೆನಪಿದೆಯಾ? ನೀನು ಪೇಡೆ ಡಬ್ಬಿ ಹಿಡಿದು ಅಮರಗೋಳದ ಮಾರ್ಕೆಟ್ಟಿನಲ್ಲಿ ನಿನಗೆ ಪರಿಚಯದ ದಲಾಲಿ ಅಂಗಡಿಗಳನ್ನೆಲ್ಲ ಹತ್ತಿಳಿದೆ. "ನಮ್ಮ ಅಣ್ಣನ ಮಗಳು ಮನಸ್ಸಿನ ಡಾಕ್ಟರ್ ಆದ್ಲರಿ. ಎದುರಿಗೆ ಕುಂತವರ ತಲ್ಯಾಗ ಏನೈತಿ ಅಂತ ಹೇಳ್ತಾಳ." ನಾನು ನಿನ್ನ ತೋಳು ಜಗ್ಗಿ, "ಕಾಕಾ, ನಾ ಡಾಕ್ಟರ್ ಅಲ್ಲ, ಹಂಗೆಲ್ಲಾ ಹೇಳಬ್ಯಾಡ" ಎಂದೆ. ನೀನು ನಕ್ಕು ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತಿದೆ.

ಅಂದಿನಿಂದ ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಪುಕ್ಕಟೆ ದವಾಖಾನೆ ತೆರೆದಂತಾಯಿತು. ಒಬ್ಬರ ಸೊಸೆ ಮಾತಾಡುವುದಿಲ್ಲ, ಇನ್ನೊಬ್ಬರ ಮಗ ಮೊಬೈಲು ಬಿಡುವುದಿಲ್ಲ. "ಸ್ವಲ್ಪ ನೋಡವಾ, ನಿಮ್ಮ ಕಾಕಾ ಹೇಳ್ತಿದ್ರು" ಎಂದು ಎಲ್ಲರೂ ಬರುವವರೇ. ಚಹಾ ಮಾಡಿ ಕುಡಿಸಿ ಕೇಳಿಸಿಕೊಂಡು ಕಳಿಸುವುದೇ ನನ್ನ ಉದ್ಯೋಗ. ಕೆಲಸ ಕೊಡು ಎಂದರೆ ಮಾತ್ರ ಯಾರ ಬಳಿಯೂ ಇಲ್ಲ.

ರಾಯಾಪುರದ ಒಂದು ಕಾರ್ಖಾನೆಗೆ ಸಂದರ್ಶನಕ್ಕೆ ಹೋದದ್ದು ಹೇಳಲೇ? ಕಾರ್ಮಿಕರ ವಿಭಾಗಕ್ಕೆ ಜನ ಬೇಕೆಂದಿದ್ದರು. ಸಾಹೇಬರು ಕುರ್ಚಿಗೆ ಒರಗಿ, "ನನ್ನ ಮನಸ್ಸಿನ್ಯಾಗ ಈಗ ಏನ ನಡದೈತಿ ಹೇಳ್ರಿ ನೋಡೂಣು" ಎಂದರು. ಎಲ್ಲ ಕಡೆಯೂ ಇದೇ ಪ್ರಶ್ನೆ, ಕಾಕಾ. ಕೇಳಿ ಕೇಳಿ ತಲೆ ಕೆಟ್ಟಿತ್ತು. "ಊಟದ ಹೊತ್ತಾತು, ಈಕಿ ಯಾವಾಗ ಏಳ್ತಾಳೋ ಅಂತ ನಡದೈತ್ರಿ" ಎಂದುಬಿಟ್ಟೆ. ಉತ್ತರ ಸರಿಯಾಗಿಯೇ ಇತ್ತೆಂದು ಕಾಣುತ್ತದೆ, ಅವರ ಮುಖ ಕೆಂಪಾಯಿತು. "ಹೇಳಿ ಕಳಸ್ತೀವ್ರಿ" ಎಂದರು. ಇನ್ನೂ ಹೇಳಿ ಕಳಿಸುತ್ತಲೇ ಇದ್ದಾರೆ.

ಆಮೇಲೆ ಒಂದು ಉದ್ಯೋಗ ಮೇಳ. ಕೋಟು ತೊಟ್ಟ ಒಬ್ಬಾತ ವೇದಿಕೆ ಮೇಲೆ ನಿಂತು, ಮನಃಶಾಸ್ತ್ರ ಓದಿದವರ ಕೌಶಲ ಎಂಥ ಕೆಲಸಕ್ಕೂ ಒದಗುತ್ತದೆ ಎಂದ. ಕಿವಿಗೊಟ್ಟು ಕೇಳುವುದು, ಗಮನಿಸುವುದು, ಜಗಳವಾಡುವ ಗುಂಪನ್ನು ಸಂಭಾಳಿಸುವುದು, ಇವನ್ನು ಎಲ್ಲಿಗೆ ಬೇಕಾದರೂ ಹೊತ್ತೊಯ್ಯಬಹುದಂತೆ. ಹೊರುವುದಕ್ಕೆ ನಾನು ತಯಾರಿದ್ದೆ. ಎಲ್ಲಿ ಇಳಿಸಬೇಕೆಂದು ಅವನು ಹೇಳಲಿಲ್ಲ.

ಕೊನೆಗೆ ಎಲ್ಲಿ ಇಳಿಸಿದೆ ಗೊತ್ತೇ? ಬಟ್ಟೆ ಅಂಗಡಿಯಲ್ಲಿ. ಮದುವೆ ಜವಳಿ ಮಾರುವ ದೊಡ್ಡ ಅಂಗಡಿ. "ಎಂ.ಎ. ಓದಿ ಸೀರಿ ಮಡಚಾಕ ಹೊಂಟಿಯೇನು?" ಎಂದು ಅವ್ವ ಎರಡು ದಿನ ಮಾತು ಬಿಟ್ಟಳು. ಮಾಲಕರು, "ಮೂರು ತಿಂಗಳು ನೋಡ್ತೇನವ್ವಾ. ಗಿರಾಕಿ ನಿಂತ್ರ ನೀನೂ ನಿಲ್ಲು, ಇಲ್ಲಂದ್ರ ಇಲ್ಲ" ಎಂದಿದ್ದರು. ಇದೂ ಹೋಗಿದ್ದರೆ ಮತ್ತೆ ಓಣಿಯ ಪುಕ್ಕಟೆ ದವಾಖಾನೆಯೇ ಗತಿಯಾಗಿತ್ತು.

ಮದುವೆಗೆ ಜವಳಿ ತೆಗೆಯುವುದೆಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ. ಎರಡೂ ಕಡೆಯ ಬೀಗರು ಟೆಂಪೋ ತುಂಬಿಕೊಂಡು ಬಂದು ಗಾದಿಯ ಮೇಲೆ ಕೂತರೆ, ಮದುವಣಗಿತ್ತಿ ಒಬ್ಬಳನ್ನು ಬಿಟ್ಟು ಎಲ್ಲರಿಗೂ ಅಭಿಪ್ರಾಯ. ನನ್ನ ಮೂರು ತಿಂಗಳು ಮುಗಿಯುವ ವಾರ ಅಂಥದೇ ಒಂದು ಗುಂಪು ಬಂತು. ವರನ ಸೋದರತ್ತೆ ಕೆಂಪು ಬೇಕೆಂದಳು, ಹುಡುಗಿಯ ದೊಡ್ಡಮ್ಮ ಹಸಿರು ಎಂದಳು. ಹುಡುಗಿ ಯಾವುದನ್ನು ಹರಡಿದರೂ "ಬ್ಯಾಡ" ಎನ್ನುತ್ತಾಳೆ. ಮಧ್ಯಾಹ್ನ ಕಳೆಯಿತು. ಸೋದರತ್ತೆ ಎದ್ದು, "ನಡೀರಿ, ಬ್ಯಾರೆ ಅಂಗಡಿ ನೋಡೂಣು" ಎಂದಳು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮಾಲಕರು ನನ್ನನ್ನೇ ನೋಡುತ್ತಿದ್ದರು.

ನಾನೇನು ಮಾಡಿದೆ? ಓದಿದ್ದನ್ನು ಮಾಡಿದೆ. ಹುಡುಗಿಗೆ ಈ ಮದುವೆಯೇ ಬೇಡ ಎಂದು ಲೆಕ್ಕ ಹಾಕಿ, ಪಕ್ಕದಲ್ಲಿ ಕೂತು ಮೆಲ್ಲಗೆ, "ನಿನ್ನ ಮನಸ್ಸಿಗೆ ಏನ ಅನಸಾಕತ್ತೈತಿ?" ಎಂದು ಕೇಳಿದೆ. ದೊಡ್ಡಮ್ಮನ ಕಿವಿಗೆ ಬಿತ್ತು. "ನೀ ಸೀರಿ ತೋರಸವಾ. ನಮ್ಮ ಹುಡುಗಿ ಮನಸ್ಸು ನಿನಗ್ಯಾಕ?" ಎಂದಳು. ಎಲ್ಲರೂ ನನ್ನತ್ತ ತಿರುಗಿದರು. ನಿನ್ನ ಮನಸ್ಸಿನ ಡಾಕ್ಟರ್ ಅವತ್ತು ನೆಲಕ್ಕೆ ಇಳಿದುಹೋದಳು, ಕಾಕಾ.

ಇನ್ನೊಂದು ನಾಲ್ಕು ಸೀರೆ ನೋಡಿ ಹೋಗಿರೆಂದು ಸೋದರತ್ತೆಯನ್ನು ಕೂಡಿಸಿ, ಆಮೇಲೆ ಬಾಯಿ ಮುಚ್ಚಿ ಬರೀ ನೋಡತೊಡಗಿದೆ. ಪ್ರತಿ ಸೀರೆ ಬಿಚ್ಚಿದಾಗಲೂ ಹುಡುಗಿ ಒಮ್ಮೆ ಬಾಗಿಲ ಕಡೆ ನೋಡಿ ಆಮೇಲೆ ಬೇಡ ಎನ್ನುತ್ತಿದ್ದಳು. ಅಲ್ಲಿ ಚಪ್ಪಲಿ ಬಿಡುವ ಜಾಗದಲ್ಲಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅವಳ ತಾಯಿ ಕೂತಿದ್ದರು. ಹಣೆ ಬೋಳು. ಗಂಡ ಇಲ್ಲದವರು ಮದುವೆ ಜವಳಿ ಮುಟ್ಟಬಾರದಲ್ಲ? ಹಾಗೆ ಮೈ ಮುದುಡಿ ಕೂಡುವ ರೀತಿ ನನಗೆ ಯಾವ ಪುಸ್ತಕವೂ ಕಲಿಸಿದ್ದಲ್ಲ. ನೀನು ಹೋದ ಮೇಲೆ ನಿನ್ನ ಹೆಂಡತಿ, ನನ್ನ ಕಾಕು, ಎಲ್ಲರ ಮನೆಯ ಮದುವೆಯಲ್ಲೂ ಹಾಗೇ ಕೂಡುತ್ತಾಳೆ.

ನಾಲ್ಕು ಸೀರೆ ಎತ್ತಿಕೊಂಡು ಹೋಗಿ ಆ ತಾಯಿಯ ಮಡಿಲಲ್ಲಿ ಇಟ್ಟೆ. "ಅವ್ವಾರ, ಇದರಾಗ ನಿಮ್ಮ ಮಗಳಿಗೆ ಯಾವುದು ಒಪ್ಪತೈತ್ರಿ?" ದೊಡ್ಡಮ್ಮ, "ಏ, ಆಕಿ ಮುಟ್ಟಬಾರದು" ಎಂದು ಏಳಲು ಹೋದಳು. ನನಗೆ ವಾದ ಮಾಡಬೇಕಿತ್ತು. ಎಷ್ಟೆಲ್ಲ ಓದಿದ್ದೆ. ಬಾಯಿಗೆ ಬಂದದ್ದು ಇಷ್ಟು: "ಮಾಲು ಇನ್ನೂ ಅಂಗಡೀದ ಐತ್ರಿ ಅಕ್ಕಾರ. ನೀವು ತಗೊಂಡ ಮ್ಯಾಲ ಅದು ಮದುವಿ ಸೀರಿ." ದೊಡ್ಡಮ್ಮ ಅರ್ಧ ಎದ್ದವಳು ಯೋಚಿಸುತ್ತ ಮತ್ತೆ ಕೂತಳು. ತಾಯಿ ಬದನೆಕಾಯಿ ಬಣ್ಣದ ಸೀರೆಯ ಸೆರಗಿನ ಮೇಲೆ ಒಂದು ಬೆರಳು ಇಟ್ಟರು. "ಅದ ಇರ್ಲಿ" ಎಂದಳು ಹುಡುಗಿ. ಕೆಂಪೂ ಇಲ್ಲ, ಹಸಿರೂ ಇಲ್ಲ, ಹೀಗಾಗಿ ಯಾರೂ ಸೋಲಲಿಲ್ಲ.

ಮಾಲಕರು ಅಂಗಡಿ ಮುಚ್ಚುವಾಗ ಕರೆದು, "ನಾಳಿಂದ ಜವಳಿ ಗಾದಿ ಪೂರಾ ನೀನ ನೋಡ್ಕೋ. ಯಾರು ಎಲ್ಲಿ ಕೂಡ್ರಬೇಕು ಅನ್ನೂದೂ ನಿಂದ" ಎಂದರು. ಕೆಲಸ ಖಾಯಂ ಆಯಿತು. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಆ ತಾಯಿ ಹೊರಡುವಾಗ ಸೀರೆಯ ಚೀಲ ಹಿಡಿಯಲಿಲ್ಲ, ಕೈ ಹಿಂದಕ್ಕೆ ಎಳೆದುಕೊಂಡರು. ನನ್ನ ಜಾಣತನ ಅಂಗಡಿಯ ಹೊಸ್ತಿಲವರೆಗೆ ಮಾತ್ರ ಸಾಕಾಯಿತು. ಅದು ಈಗಲೂ ಚುಚ್ಚುತ್ತದೆ.

ನಿನಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ. ನಿನ್ನ ಮಗಳು ಸುಜಾತಾಳ ಲಗ್ನ ಗೊತ್ತಾಗಿದೆ. ಹುಡುಗ ಒಳ್ಳೆಯವನು, ನಿನ್ನಷ್ಟು ಮಾತಿಲ್ಲ. ಬರುವ ಸೋಮವಾರ ಜವಳಿ, ನಮ್ಮ ಅಂಗಡಿಯಲ್ಲೇ. ಕಾಕು ಬರುವುದಿಲ್ಲವಂತೆ. "ನೀವ ಹೋಗಿ ಬರ್ರಿ, ನನಗ ಮೊಣಕಾಲ ನೋವು" ಎಂದು ಒಂದೇ ಹಟ. ಊರಿನ ಬೀಗರನ್ನೆಲ್ಲ ಸಂಭಾಳಿಸುವವಳಿಗೆ ಮನೆಯ ಒಬ್ಬ ಹೆಂಗಸು ಬಗ್ಗುತ್ತಿಲ್ಲ. ಜಗಳವಾಡಿದೆ, ಬೇಡಿಕೊಂಡೆ, ಊಟ ಬಿಟ್ಟೆ. ನೀನಿದ್ದಿದ್ದರೆ... ನೀನಿದ್ದಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲವಲ್ಲ, ಮಹಾರಾಯ.

ನಿನ್ನೆ ಕಾಕು ರೊಟ್ಟಿ ಬಡಿಯುತ್ತ, ತಲೆ ಎತ್ತದೆ, "ಗಾದಿ ಮ್ಯಾಲ ಕುಂತ್ರ ಕಾಲು ಮಡಚಬೇಕೇನ?" ಎಂದಳು.

"ಕಾಲು ಚಾಚಿ ಕೂಡ್ರು ಕಾಕು. ಜಾಗಾ ನಾ ಮಾಡಸ್ತೇನಿ" ಎಂದೆ.

ಅವಳನ್ನು ಗಾದಿಯ ನಡುವೆ ಕೂಡಿಸುತ್ತೇನೆ, ಕಾಕಾ. ಮಾಲು ಇನ್ನೂ ಅಂಗಡಿಯದು ಎಂದು ಈ ಸಲ ಯಾರಿಗೂ ಹೇಳುವುದಿಲ್ಲ. ಇದು ನಿನ್ನ ಮಗಳ ಮದುವೆ ಸೀರೆ ಎಂದು ಎಲ್ಲರ ಎದುರಿಗೆ ಹೇಳಿಯೇ ಅವಳ ಮಡಿಲಲ್ಲಿ ಇಡುತ್ತೇನೆ.