ಹಿತ್ತಿಲಲ್ಲಿ ಕೂತ ಮಗಳಿಗೆ

ಫೂಸಿ,

ನಿನ್ನಪ್ಪ ಹೋದ ಸುದ್ದಿ ಬಂದ ದಿನವೇ ನಿನ್ನ ಸೊಂಟಕ್ಕೆ ಹರಿದ ಚಾಪೆ ಸುತ್ತಿ ಹಿತ್ತಿಲ ಒಲೆಯ ಬಳಿಗೆ ಕಳಿಸಿದೆವು. ಅವನ ಅಕ್ಕನಾದ ನಾನು ಅವನ ತಲೆಯ ಬಳಿ ಕೂತೆ. ನಿನ್ನೆ ಕೂಗಿದೆಯಲ್ಲ, "ಅಪ್ಪನ್ನ ಮುಟ್ಟೋಕೂ ಬಿಡ್ಲಿಲ್ಲ ನೀವು! ನಾನು ಯಾರಿಗೂ ಬೇಡ ಅತ್ತೆ. ಟೋಮಾಸಿ ಬಿಡೋಕ್ಮುಂಚೆ ನಾನೇ ಅವನ್ನ ಬಿಡ್ತೀನಿ" ಅಂತ. ಆಗಿನಿಂದ ನನಗೆ ಕಣ್ಣು ಮುಚ್ಚಲಾಗಿಲ್ಲ.

ಸಿಡ್ನಿಯಲ್ಲಿ ಹುಟ್ಟಿದವಳು, ನಿನಗೆ ಗೊತ್ತಿರಲಿಲ್ಲ. ನಮ್ಮ ಟೊಂಗಾದವರಲ್ಲಿ ತಂದೆ ಸತ್ತರೆ ತಲೆಯ ಬಳಿ ಕೂರುವ ಹಕ್ಕು ಅವನ ಅಕ್ಕನದು; ಅವನನ್ನು ಮುಟ್ಟದೆ ದೂರ ಕೂರುವುದು, ಎಲ್ಲರಿಗಿಂತ ಹರಕು ಚಾಪೆ ಉಡುವುದು ಅವನ ಮಕ್ಕಳೇ. ಬೇಡವಾದವರಿಗೆ ಯಾರೂ ಆ ಚಾಪೆ ಕೊಡುವುದಿಲ್ಲ, ಮಗಳೇ.

ನಾನು ಚರ್ಚಿಗೆ ಹೊರಟೆ. ಕೆಸುವಿನ ಗಡ್ಡೆ ಬೇಯಿಸಿದ್ದೇನೆ, ತಿನ್ನು. ಇಂಥ ಉಪವಾಸವನ್ನು ದೇವರೂ ಕೇಳಿಲ್ಲ.

ಮಧ್ಯಾಹ್ನ ಆ ಆಪ್ತ ಸಲಹೆಗಾರ್ತಿ ಹೆಲೆನ್ ಬಳಿಗೆ ಹೋಗು. ಹೋದ ವಾರದ ಹಾಗೆ ಬಾಗಿಲಿನಿಂದಲೇ ಹಿಂತಿರುಗಬೇಡ. ಚಾಪೆಯ ಮಾತಿನಿಂದಲೇ ಶುರು ಮಾಡು. ನನಗೆ ಪ್ರಾರ್ಥಿಸಲು ಬರುತ್ತದೆ, ಅವಳಂತೆ ಕೇಳಿಸಿಕೊಳ್ಳಲು ಬಾರದು, ನಡುವೆಯೇ ಬೈದುಬಿಡುತ್ತೇನೆ.

ಅಲ್ಲಿಂದ ಬರುವ ತನಕ ಟೋಮಾಸಿಗೆ ಏನೂ ಬರೆಯಬೇಡ. ಪಾಪ, ಅವನು ಮದುವೆಯ ದಿನ ಗೊತ್ತುಮಾಡಲು ಕಾದಿದ್ದಾನೆ. ನಿನ್ನ ಕಾಲು ಹಿಡಿಯುತ್ತೇನೆ, ಫೂಸಿ. ತಮ್ಮನ ಹಿಂದೆ ನಿನ್ನನ್ನೂ ಕಳೆದುಕೊಳ್ಳುವ ಶಕ್ತಿ ನನಗಿಲ್ಲ.

ಕರ್ತನೇ, ಹಿತ್ತಿಲಲ್ಲಿ ಅತ್ತ ಮಗಳ ದನಿ ಅವನಿಗೆ ಕೇಳಿಸಿರಲಿ; ನಿನ್ನ ಮಡಿಲಲ್ಲಿ ಅವನು ನೆಮ್ಮದಿಯಾಗಿ ಮಲಗಲಿ.